ಸುರಂಗದಲ್ಲಿ ಅವನ ದನಿ

ನವೆಂಬರ್ 12

ಇದನ್ನು ಬರೆಯದೆ ಮಲಗಿಬಿಡುವವಳಿದ್ದೆ. ಜಲಪಾತದ ಒಂದು ದಿನದ ಪ್ರವಾಸಕ್ಕೆ ಬೆಟ್ಟದ ಹಳೇ ದಾರಿಯನ್ನೇ ನಾನು ಇಷ್ಟು ದಿನ ಹಟ ಹಿಡಿದು ಇಟ್ಟುಕೊಂಡಿದ್ದು ತೀರಿಕೊಂಡ ಗಂಡನ ದನಿಗಾಗಿ.

ಕಡಲತೀರದ ನಮ್ಮ ಲಾಡ್ಜಿನಿಂದ ಹೊರಡುವ ವ್ಯಾನಿನಲ್ಲಿ ಈಗಲೂ ಅವನು ಆ ದಾರಿಗೆಂದು ರೆಕಾರ್ಡ್ ಮಾಡಿಟ್ಟ ವಿವರಣೆಯೇ ಕೇಳಿಸುತ್ತದೆ. ಇವತ್ತು ಮೊದಲ ಸಲ ಹೊಸ ಸುರಂಗದ ದಾರಿ ನೋಡಲು ಹೋದೆವು. ಒಳಗಿನ ಕತ್ತಲಲ್ಲಿ ಅವನು, "ಎಡಕ್ಕೆ ನೋಡಿ, ಇಲ್ಲಿಂದ ಕಡಲು ಕೊನೇ ಸಲ ಕಾಣುತ್ತೆ" ಎಂದ. ನೋಡಿದೆ. ಗಾಜಿನಲ್ಲಿ ನನ್ನ ಮುಖವಿತ್ತು.

ಡ್ರೈವರ್ ಮೆಲ್ಲಗೆ ಹೇಳಿದ: "ಅಕ್ಕ, ಅಣ್ಣ ಹೇಳೋ ದಾರೀಲಿ ವಾಪಸ್ ಬರೋಷ್ಟರಲ್ಲಿ ಕತ್ತಲಾಗುತ್ತೆ. ಮೊನ್ನೆ ಕಲ್ಲು ಉರುಳಿದ್ದು ನೋಡಿದ್ರಲ್ಲ? ಹಿಂದೆ ಮಕ್ಕಳು ಕೂತಿರ್ತಾರೆ."

"ಹಾಗಾದ್ರೆ ಆ ದನಿ ನೀನೇ ತೆಗೆದುಬಿಡು."

"ನನ್ನ ಕೈಲಾಗಲ್ಲಕ್ಕ. ನೀವೇ ಹೊಸದಾಗಿ ಮಾತಾಡಿ. ಮನೇಲಿ ಅಣ್ಣನಿಗೆ ಬಾಯಿ ಬಿಡೋಕೆ ಬಿಡ್ತಿದ್ರಾ ನೀವು?"

ನಕ್ಕೆ.

ಸಂಜೆ ಮೈಕಿನ ಮುಂದೆ ಕೂತು ಜಲಪಾತದವರೆಗಿನ ಹೊಸ ವಿವರಣೆಯನ್ನೆಲ್ಲ ಓದಿ ರೆಕಾರ್ಡ್ ಮಾಡಿದೆ. ನನ್ನ ದನಿ ಯಾರೋ ಟೀಚರಮ್ಮನದರಂತಿದೆ, ಇರಲಿ. ಸುರಂಗಕ್ಕೆ ಮಾತ್ರ ಏನೂ ಹೊಳೆಯಲಿಲ್ಲ. ಅಷ್ಟು ದೂರ ಸುಮ್ಮನಿರುತ್ತೇನೆ. ಹೊಸ ದಾರಿಯ ವಿವರ ವೆಬ್‌ಸೈಟಿಗೆ ಹಾಕುವುದು ನವೆಂಬರ್ 20ಕ್ಕೆ.