ಬೇಯದ ಸಾಮೆ

ಧಾನ್ಯ ಖರೀದಿ ಕಂಪನಿಯ ದೊಡ್ಡ ಸಾಹೇಬನಾದ ನನ್ನ ಅಳಿಯನಿಗೆ ಸೋದರಮಾವನ ಆಶೀರ್ವಾದ.

'ನಿಮ್ಮೂರಿನ ಸಾಮೆ ಎರಡು ಗಂಟೆ ಕುದಿಸಿದರೂ ಬೇಯಲಿಲ್ಲ, ಖರೀದಿಸಲಾಗದು' ಎಂಬ ನಿನ್ನ ಕಾಗದ ತಲುಪಿತು. ನಿನ್ನ ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅಯ್ಯೋ, ಸಿಪ್ಪೆ ಸಮೇತ ಬೇಯಿಸಿದಾನೆ ಕಣ್ರೀ ನಿಮ್ಮಳಿಯ!" ಎಂದಳು. ಹುಳ ಬೀಳದಿರಲೆಂದು ಸಿಪ್ಪೆ ತೆಗೆಯದೆ ಮಾದರಿಗೆ ಕಳಿಸಿದ ಕಾಳನ್ನು ಹಾಗೇ ಪಾತ್ರೆಗೆ ಸುರಿದಿರಲ್ಲ, ನಿನ್ನ ಕಚೇರಿಯ ಮೂವರು ಪದವೀಧರರು ಸೇರಿ! ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಇನ್ನೊಂದು ವರ್ಷ ಓದಿದ್ದರೆ ನಾನೂ ಹೀಗೇ ಬೇಯಿಸುತ್ತಿದ್ದೆನೇನೋ.

ಸೋಮವಾರ ಸಿಪ್ಪೆ ಬಿಡಿಸಿದ ಸಾಮೆ ಹಿಡಿದು ನಾನೇ ನಿನ್ನ ಕಚೇರಿಗೆ ಬರುತ್ತೇನೆ. ಒಲೆ, ಪಾತ್ರೆ, ನೀರು ಇಟ್ಟಿರು. ನೀರು ಯಾವುದೆಂದು ತಿಳಿಯದಿದ್ದರೆ ಜವಾನನನ್ನು ಕೇಳು. ನಿನ್ನ ಮೇಲಧಿಕಾರಿಯೂ ತಟ್ಟೆ ಹಿಡಿದು ಕೂರಲಿ.

ಉಂಡ ಮೇಲೆ ಲಾರಿ ಕಳಿಸು. ಆದರೆ ಅದು ಮೊದಲು ನನ್ನ ಮನೆಗೆ ಬರಕೂಡದು. 'ಕೊಳ್ಳಲು ನನ್ನ ಅಳಿಯನಿದ್ದಾನೆ, ಬಿತ್ತಿ' ಎಂದು ನಾನು ಮೀಸೆ ತಿರುವಿದ್ದಕ್ಕೆ ಹನ್ನೊಂದು ಮನೆಯವರು ಜೋಳ ಬಿಟ್ಟು ಸಾಮೆ ಬಿತ್ತಿದರು. ಅವರದೆಲ್ಲ ತುಂಬಿ ಜಾಗ ಉಳಿದರೆ ನನ್ನದು. ಉಳಿಯದಿದ್ದರೆ ಡ್ರೈವರ್ ನನ್ನ ಬಾಗಿಲ ಮುಂದೆ ಹಾರ್ನ್ ಹೊಡೆಯದೆ ಹೋಗಲಿ.

ಇಂತಿ,
ನಿನಗೆ ಸೈಕಲ್ ಕಲಿಸಿ, ಕಾಳು ಗುರುತಿಸುವುದನ್ನು ಕಲಿಸದೆ ಕೆಟ್ಟ
ನಿನ್ನ ಸೋದರಮಾವ