ಟೋಪಿ ಹಾಕುವವರ ಹೆಂಡತಿ

ಹೊಲಿಗೆ ಅಂಗಡಿಯ ಮೇಲಿನ ಕೋಣೆ
ಏಪ್ರಿಲ್ ಒಂಬತ್ತು, ಶುಕ್ರವಾರ ಸಂಜೆ

ಪೂಜ್ಯ ಅತ್ತೆಯವರಿಗೆ,

ನೀವು ಕಂಡಿರದ ಸೊಸೆಯ ನಮಸ್ಕಾರಗಳು. ಹೇಗಿದ್ದೀರಿ? ಮಂಡಿನೋವು ಹೇಗಿದೆ? ಅವರು ಮನೆಯಲ್ಲಿದ್ದ ಕಾಲದಲ್ಲೇ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಿರಂತೆ, ನಿಮ್ಮ ಮಗ ಹೇಳಿದರು. ನಿಮ್ಮ ಆರೋಗ್ಯ ವಿಚಾರಿಸಲು ನನಗೆ ಕೊಂಚ ಸಂಕೋಚ. ಏಕೆಂದರೆ ಹೋದ ಭಾನುವಾರದವರೆಗೂ ನನ್ನ ಪಾಲಿಗೆ ನೀವು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಮದುವೆಯ ದಿನ ನಿಮಗೆಂದು ಒಂದು ಖಾಲಿ ಕುರ್ಚಿ ಹಾಕಿ, ಅದರ ಮೇಲೆ ನಾನೇ ಹೂ ಇಟ್ಟಿದ್ದೆ. ಬದುಕಿರುವವರಿಗೆ ಹಾಗೆ ಮಾಡಬಾರದು. ಗೊತ್ತಿಲ್ಲದೆ ಮಾಡಿದ್ದು, ಕ್ಷಮಿಸಿ. ಇಂಥ ಸೊಸೆ ಯಾವಾಗ ಬಂದಳು ಎಂದು ನೀವು ಹುಬ್ಬೇರಿಸಿರಬಹುದು. ಮದುವೆಯಾಗಿ ನಾಲ್ಕು ವರ್ಷವಾಯಿತು. ಮೊದಲಿನಿಂದ ಹೇಳುತ್ತೇನೆ.

ನಾನು ದರ್ಜಿ. ಅಂಗಡಿ ಅಪ್ಪನದು, ಅವರ ನಂತರ ನನ್ನದು. ಕೆಳಗೆ ಎರಡು ಯಂತ್ರ, ಒಂದು ಉದ್ದನೆಯ ಮೇಜು. ಮೇಲೆ ನನ್ನ ಅಡುಗೆ, ನಿದ್ದೆ. ಮೂವತ್ತೆಂಟು ತುಂಬುವವರೆಗೂ ಬೀದಿಯವರೆಲ್ಲ ನನ್ನನ್ನು ಹೊಲಿಗೆ ಯಂತ್ರಕ್ಕೇ ಮದುವೆ ಮಾಡಿ ಮುಗಿಸಿದ್ದರು. ಆಗ ನಿಮ್ಮ ಮಗ ಒಂದು ಬೂದು ಕೋಟು ಹಿಡಿದುಕೊಂಡು ಬಂದರು. ತೋಳು ಉದ್ದವಾಗಿದೆ, ಸ್ವಲ್ಪ ಕಡಿಮೆ ಮಾಡಿಕೊಡಿ ಎಂದರು. ಒಳ್ಳೆಯ ಬಟ್ಟೆ, ಒಳ್ಳೆಯ ಕೈಯ ಹೊಲಿಗೆ. ಆದರೆ ಭುಜ ಇವರದಲ್ಲ. ಇವರಿಗಿಂತ ದಪ್ಪನೆಯ ಯಾರಿಗೋ ಕತ್ತರಿಸಿದ್ದು. ಕೇಳಿದೆ. "ಅಪ್ಪಂದು. ಅಮ್ಮ ಸಾಯೋಕೆ ಮುಂಚೆ ಇದನ್ನ ಕೈಗೆ ಕೊಟ್ಟು, ಹಾಕ್ಕೊಳ್ಳೋ ಅಂದ್ರು," ಎಂದು ಕಣ್ಣು ಒರೆಸಿಕೊಂಡರು. ದರ್ಜಿಯ ಕಣ್ಣಿಗೆ ಅನುಮಾನ ಬಂದಿತ್ತು, ಹೆಂಗಸಿನ ಕಿವಿಗೆ ಅದು ಬೇಡವಾಯಿತು. ಕೋಟು ಯಾವುದೋ ಹೋಟೆಲಿನ ಗೂಟದಿಂದ ಇಳಿಸಿಕೊಂಡು ಬಂದದ್ದೆಂದು ಆಮೇಲೆ ತಿಳಿಯಿತು.

ಯಾಕೆ ಮನಸೋತೆ ಎಂದು ನೀವು ಕೇಳಬಹುದು. ಬಣ್ಣದ ಮಾತಿಗೆ ಮರುಳಾದಳು ಎಂದು ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ಮಾತು ಚೆನ್ನಾಗಿತ್ತು, ಸರಿ. ಹಡಗಿನ ಕಂಪನಿಯಲ್ಲಿದ್ದೇನೆ ಎಂದು ಅವರು ಹೇಳುತ್ತಿದ್ದ ಬಂದರುಗಳ ಕಥೆಗೆ ಗಿರಾಕಿಗಳೂ ಬಟ್ಟೆ ಮರೆತು ನಿಲ್ಲುತ್ತಿದ್ದರು. ಆದರೆ ನಾನು ಸೋತದ್ದು ಬೇರೆಯದಕ್ಕೆ. ಒಂದು ದಿನ ನಾನು ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದಾಗ ಏನೂ ಹೇಳದೆ ಎದ್ದು ಹೋಗಿ, ನನ್ನ ಸ್ಟೂಲಿನ ಕುಂಟುತ್ತಿದ್ದ ಕಾಲಿಗೆ ರಟ್ಟು ಮಡಚಿ ಇಟ್ಟರು. ಇಪ್ಪತ್ತು ವರ್ಷ ಆ ಸ್ಟೂಲಿನ ಮೇಲೆ ಓಲಾಡುತ್ತಾ ಕೂತಿದ್ದೆ ಅತ್ತೆ, ನನಗೇ ಹೊಳೆದಿರಲಿಲ್ಲ. ಅದರಲ್ಲಿ ಅವರಿಗೆ ಯಾವ ಲಾಭವೂ ಇರಲಿಲ್ಲ. ಈಗಲೂ ಯೋಚಿಸುತ್ತೇನೆ, ಇರಲಿಲ್ಲ. ಮೂರು ತಿಂಗಳಲ್ಲಿ ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾದೆವು. ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯ ಗೋಡೆಗೆ ಹಾಕಿದೆ. ಬೇಡ ಎಂದು ಅವರು ಬಹಳ ಹೇಳಿದರು. ನಾಚಿಕೆ ಎಂದುಕೊಂಡೆ.

ಎರಡೂವರೆ ವರ್ಷ ನಾವು ಸುಖವಾಗಿದ್ದೆವು. ಇದನ್ನು ಅಳಿಸಿ ಬರೆಯಲು ನನಗೆ ಇಷ್ಟವಿಲ್ಲ.

ಆಮೇಲೆ ಒಂದು ಮಧ್ಯಾಹ್ನ ನಿವೃತ್ತ ಟೀಚರೊಬ್ಬರು ಅಂಗಡಿಗೆ ಬಂದರು. ಒಮ್ಮೆಯೂ ಹಾಕದ ನೀಲಿ ಉಣ್ಣೆಯ ಕೋಟನ್ನು ಸೊಂಟದಲ್ಲಿ ಸಡಿಲಿಸಬೇಕಾಗಿತ್ತು. ಹೊಸದನ್ನು ಯಾಕೆ ಹಾಗೇ ಇಟ್ಟಿದ್ದೀರಿ ಎಂದು ಅಳತೆ ತೆಗೆಯುತ್ತಾ ಕೇಳಿದೆ. "ಹಡಗಿನ ಪ್ರವಾಸಕ್ಕೆ ಅಂತ ಹೊಲಿಸಿದ್ದು ಕಣಮ್ಮ. ನಾವು ಕೆಲವರು ವಯಸ್ಸಾದವರು ಸೇರಿ ದುಡ್ಡು ಕಟ್ಟಿದ್ವಿ. ಹೊರಡೋ ದಿನ ಸ್ವೆಟರು, ಟೋಪಿ, ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಬಂದರಿಗೆ ಹೋದ್ವಿ. ಕತ್ತಲಾಗೋವರೆಗೂ ನಿಂತ್ವಿ. ಹಡಗೂ ಇಲ್ಲ, ಟಿಕೆಟ್ ಕೊಟ್ಟ ಮಹಾರಾಯನೂ ಇಲ್ಲ," ಎಂದು ನಗುತ್ತಲೇ ಹೇಳಿದರು. ಅವರ ಗೆಳತಿಯೊಬ್ಬರು ಆ ಅವಮಾನಕ್ಕೆ ಮತ್ತೆ ಮನೆಯಿಂದ ಹೊರಗೇ ಬರಲಿಲ್ಲವಂತೆ. ಅದನ್ನು ಹೇಳುವಾಗ ನಗು ನಿಂತಿತು. ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋ ನೋಡಿದರು. ನನ್ನ ಅಳತೆ ಟೇಪು ಅವರ ಸೊಂಟದ ಸುತ್ತ ಹಾಗೇ ಇತ್ತು. "ಇವರು ನಿನಗೇನಾಗಬೇಕು?" ಎಂದರು. ನನ್ನ ಗಂಡ ಎಂದೆ. ಆ ತಾಯಿ ನನ್ನನ್ನು ಬೈಯಲಿಲ್ಲ, ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು.

ಸಂಜೆ ಮೇಲೆ ಹೋದಾಗ ನಿಮ್ಮ ಮಗ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. "ಟೀಚರ್ ಬಂದಿದ್ರು. ಹಡಗು ಇನ್ನೂ ಬಂದಿಲ್ವಂತೆ," ಎಂದೆ. ಆಲೂಗಡ್ಡೆಯನ್ನು ನಿಧಾನವಾಗಿ ಕೆಳಗಿಟ್ಟು, "ನನಗೊಬ್ಬ ಅವಳಿ ತಮ್ಮ ಇದ್ದಾನೆ, ನಿನಗೆ ಹೇಳಿರಲಿಲ್ಲ..." ಎಂದು ಶುರು ಮಾಡಿದರು. ಅತ್ತೆ, ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನಾನು ನಕ್ಕದ್ದನ್ನು ನೋಡಿ ಅವರು ಅತ್ತರು. ಈ ಸಲ ಕಣ್ಣು ಒರೆಸಿಕೊಳ್ಳಲು ಮರೆತಿದ್ದರು, ಹಾಗಾಗಿ ನಂಬಿದೆ. ನಾನು ಕೋಟು ಹೊಲಿಯುವವಳು, ಅವರು ಊರಿಗೆಲ್ಲ ಟೋಪಿ ಹಾಕುವವರು. ಒಂದೊಂದೇ ಟೋಪಿಯ ಕಥೆ ಹೊರಗೆ ಬಂತು. ನನಗೂ ಒಂದನ್ನು ಅಳತೆ ತೆಗೆದಿಟ್ಟಿದ್ದರಂತೆ. ಅಂಗಡಿಯನ್ನು ಮಾರಿಸಿ ಮಾಯವಾಗುವುದು ಮೊದಲ ಯೋಚನೆಯಾಗಿತ್ತು. "ಇವತ್ತು ಬೇಡ, ನಾಳೆ ಅಂತ ಮುಂದೆ ಹಾಕ್ತಾ ಹೋದೆ, ಇಲ್ಲೇ ಉಳಿದುಬಿಟ್ಟೆ," ಎಂದರು. ಇದಕ್ಕಿಂತ ಚೆನ್ನಾಗಿ ಪ್ರೀತಿಯ ಮಾತನ್ನು ಆಡಬಲ್ಲವರು ಅವರು. ಆದರೆ ನನ್ನ ಮನಸ್ಸಿನಲ್ಲಿ ಇದೇ ಉಳಿದಿದೆ.

ಆದರೂ ನುಂಗಲಾರದ ತುತ್ತು ನುಂಗಲಾರದ್ದೇ. ಬೆಳಿಗ್ಗೆ ಟೀಚರ್ ಜೊತೆ ಪೊಲೀಸರ ಹತ್ತಿರ ಹೋಗುತ್ತೇನೆ, ಓಡಿಹೋಗುವುದಾದರೆ ಹಿಂದಿನ ಬಾಗಿಲಿಗೆ ಚಿಲಕ ಹಾಕಿಲ್ಲ ಎಂದು ಹೇಳಿ ಮಲಗಿದೆ. ಬೆಳಿಗ್ಗೆ ಎದ್ದಾಗ ಅವರು ತಮ್ಮ ಅಂಗಿಯನ್ನು ತಾವೇ ಇಸ್ತ್ರಿ ಮಾಡಿ ಹಾಕಿಕೊಂಡು, ಶೂ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಮೂವರೂ ನಡೆದುಕೊಂಡೇ ಹೋದೆವು. ಒಂದೂವರೆ ವರ್ಷ ಒಳಗಿದ್ದರು. ಮೊದಲ ಆರು ತಿಂಗಳು ನಾನು ನೋಡಲು ಹೋಗಲಿಲ್ಲ. ಆಮೇಲೆ ಬೈಯಲೆಂದು ಹೋದೆ, ಬೈಗುಳ ಮರೆತುಹೋಯಿತು, ಮತ್ತೆ ಮತ್ತೆ ಹೋದೆ.

ಹೋದ ತಿಂಗಳು ಬಿಡುಗಡೆಯಾಯಿತು. ಈಗ ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಾರೆ, ಕೆಳಗಿನ ಮೇಜಿನ ಪಕ್ಕ ಮಲಗುತ್ತಾರೆ. ಗಿರಾಕಿಗಳ ಜೊತೆ ದರದ ಮಾತು ಆಡುವಂತಿಲ್ಲ, ಅದು ನನ್ನ ಕಾನೂನು. ಸುಳ್ಳು ಬಂದಾಗ ಬಾಯಿ ತೆರೆಯುತ್ತದೆ, ಆಮೇಲೆ ಸುಮ್ಮನೆ ಮುಚ್ಚಿಕೊಳ್ಳುತ್ತದೆ. ನೋಡಿದರೆ ಪಾಪ ಎನಿಸುತ್ತದೆ. ಶನಿವಾರ ಟೀಚರ್ ಬರುತ್ತಾರೆ, ಇವರ ಕೈಯಲ್ಲಿ ತರಕಾರಿ ಚೀಲ ಹೊರಿಸಿಕೊಂಡು ಮಾರುಕಟ್ಟೆಯೆಲ್ಲ ಸುತ್ತಿಸುತ್ತಾರೆ. "ಕ್ಷಮಿಸಿದ್ದೀನಿ ಅಂದ್ಕೋಬೇಡ, ಚೀಲ ಭಾರ ಅಷ್ಟೇ," ಎನ್ನುತ್ತಾರೆ.

ಹೋದ ಭಾನುವಾರ ಊಟಕ್ಕೆ ಕೂತಾಗ, ಇನ್ನೇನಾದರೂ ಹೇಳುವುದು ಉಳಿದಿದೆಯೇ ಎಂದು ಸುಮ್ಮನೆ ಕೇಳಿದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಒಂದಿದೆ. ಅಮ್ಮ ಇದ್ದಾರೆ," ಎಂದರು. ಹಡಗಿನ ವಿಷಯಕ್ಕೆ ಬಾರದ ಸಿಟ್ಟು ನನಗೆ ಅವತ್ತು ಬಂತು. ತಟ್ಟೆ ಬಿಟ್ಟು ಎದ್ದೆ. ಇಪ್ಪತ್ತರ ಹರೆಯದಲ್ಲಿ ಅವರು ಸ್ವಂತ ಚಿಕ್ಕಮ್ಮನಿಗೇ ಮೋಸ ಮಾಡಿ ಸಿಕ್ಕಿಬಿದ್ದಾಗ ನೀವು, "ಈ ಹೊಸಿಲು ತುಳೀಬೇಡ, ನನಗೆ ಮಗ ಇಲ್ಲ," ಎಂದಿರಂತೆ. "ಅವರಿಗೆ ಮಗ ಇಲ್ಲ ಅಂದ್ಮೇಲೆ ನನಗೆ ಅಮ್ಮ ಎಲ್ಲಿಂದ ಬರ್ತಾರೆ?" ಎಂದು ಕೇಳಿದರು. ನಿಮ್ಮದು ತಪ್ಪೆಂದು ನಾನು ಹೇಳುವುದಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೇಳಿ, ಆಮೇಲೆ ಪ್ರತಿ ಸಲ ಬಾಗಿಲ ಸದ್ದಾದಾಗ ಕಿವಿಗೊಡುತ್ತಿದ್ದೆ.

ಅವರ ಜೊತೆ ಬಾಳಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ. ನಿಮ್ಮ ಕೈಲಿ ಶಿಫಾರಸು ಬರೆಸಿಕೊಳ್ಳಲು ಈ ಪತ್ರವಲ್ಲ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ಹೇಳಲು ಊರು ತುಂಬ ಜನರಿದ್ದಾರೆ. ನಿಜ ಯಾವುದೆಂದು ಹೇಳಬಲ್ಲವರು ನೀವೊಬ್ಬರೇ. ಅವರು ಚಿಕ್ಕಂದಿನಲ್ಲಿ ಹೇಗಿದ್ದರು, ಏನು ಕಂಡರೆ ಹೆದರುತ್ತಿದ್ದರು, ಇದನ್ನೆಲ್ಲ ಒಮ್ಮೆ ನಿಮ್ಮ ಬಾಯಿಂದ ಕೇಳಬೇಕೆಂದು ಆಸೆ.

ಔಷಧಿ ತಪ್ಪಿಸಬೇಡಿ. ನೀವು ಒಪ್ಪಿದರೆ ನಿಮ್ಮ ಪಾದಕ್ಕೆ ನನ್ನ ನಮಸ್ಕಾರ. ಒಪ್ಪದಿದ್ದರೂ ನಮಸ್ಕಾರ ನಮಸ್ಕಾರವೇ.

ಇಂತು,
ನಿಮ್ಮ ಸೊಸೆ

ತಾ.ಕ.: ಶನಿವಾರ ಮಧ್ಯಾಹ್ನ. ಪೆನ್ನು ಮನೆಯಲ್ಲೇ ಉಳಿಯಿತು, ಇದು ಬಸ್ಸಿನ ಕಂಡಕ್ಟರ್ ಕೊಟ್ಟ ಪೆನ್ಸಿಲ್. ಅತ್ತೆ, ಪತ್ರವನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ, ನಾನೇ ತಂದು ನಿಮ್ಮ ಬಾಗಿಲಡಿ ತೂರಿಸುತ್ತಿದ್ದೇನೆ. ಒಬ್ಬಳೇ ಬಂದಿಲ್ಲ. ಬಟ್ಟೆ ಖರೀದಿಗೆ ಹೋಗೋಣ ಎಂದು ಸುಳ್ಳು ಹೇಳಿ ಅವರನ್ನು ಹೊರಡಿಸಿದೆ, ಪೂರ್ತಿ ನಂಬಿದರು! ಬಸ್ಸು ನಿಮ್ಮ ಊರಿನ ದಾರಿಗೆ ತಿರುಗಿದಾಗ ಅವರಿಗೆ ತಿಳಿಯಿತು. ಆಮೇಲೆ ಬಸ್ಸು ಎಷ್ಟೋ ಕಡೆ ನಿಂತಿತು, ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಈಗ ನಿಮ್ಮ ಬೇಲಿಯ ಹೊರಗೆ ನಿಂತಿದ್ದಾರೆ, ಕೂದಲು ಬಹಳ ನೆರೆತಿದೆ, ಗುರುತು ಸಿಗದಿದ್ದರೆ ಗಾಬರಿಯಾಗಬೇಡಿ. ಬೈಯುವುದಿದ್ದರೆ ಬೈಯಿರಿ, ಆದರೆ ಬಾಗಿಲು ತೆಗೆದು ಬೈಯಿರಿ.