ಗಾಡಿಯ ತವರಮನಿಯಿಂದ ಬಂದ ಸೆಲ್ಫ್ ಮೋಟರ್

ನವನಗರ, ಬಾಗಲಕೋಟಿ
೧೨ ಜನವರಿ ೨೦೨೫, ಐತವಾರ ಮುಂಜಾನೆ

ಪ್ರೀತಿಯ ತಮ್ಮಾ ನಾಗಲಿಂಗಾ,

ನಿನ್ನ ಅಣ್ಣ ಅಮರೇಶ ಮಾತಾಡಾಕತ್ತೇನಿ. ಊರು, ತಾರೀಖು ಮೊದಲ ಹೇಳಿದೆ ಅಂತ ನಗಬ್ಯಾಡ. ಪತ್ರ ಅಂದ್ರ ಮ್ಯಾಲೆ ಊರು-ತಾರೀಖು ಇರಬೇಕು ಅಂತ ಅಪ್ಪ ತಲಿಗೆ ಮೊಟಕಿ ಮೊಟಕಿ ಕಲಿಸಿದ್ದು, ವಾಯ್ಸ್ ನೋಟಿನ್ಯಾಗೂ ಬಾಯಿಗೆ ಅದ ಬರತೈತಿ. ಬರದು ಕಳಸೋಣ ಅಂದ್ರ ನನಗ ಚಾಳೀಸ ಬಂದೈತಿ, ಮೊಬೈಲಿನ ಅಕ್ಷರ ಇರಿವಿ ಸಾಲ ಹೊಂಟಂಗ ಕಾಣ್ತಾವ. ನೀ ಆರಾಮ ಅದಿ? ಅಲ್ಲಿ ಕೊರಿಯಾದಾಗ ಚಳಿ ಭಾಳ ಐತಂತ. ವೆಲ್ಡಿಂಗ್ ಬೆಳಕು ಬಡದು ಕಣ್ಣಾಗ ನೀರು ಬರ್ತಿತ್ತಲ್ಲ, ಈಗ ಹೆಂಗೈತಿ? ರಾತ್ರಿ ಹತ್ತಿ ತೊಯ್ಸಿ ತಣ್ಣೀರಪಟ್ಟಿ ಹಾಕ್ಕೊ, ಅಸಡ್ಡಿ ಮಾಡಬ್ಯಾಡ. ಉಣ್ಣಾಕ ಬರೇ ಅನ್ನ ಅಂತ, ಭುವನೇಶ್ವರಿ ಹೇಳಿದ್ಲು. ಅಕಿಗೆ ನೀ ಫೋನ್ ಮಾಡ್ತಿ ಅಂತ ನಮಗ ಗೊತ್ತೈತಿ. ಫೋನ್ ಬಂದ ಕೂಡ್ಲೆ ಸೆರಗಿನ್ಯಾಗ ಮುಚಗೊಂಡು ಮಾಳಗಿ ಏರ್ತಾಳ. ನಿನ್ನ ಹೇಂತಿ, ನೀ ಮಾತಾಡು, ನಾವ್ಯಾಕ ಬ್ಯಾಡ ಅಂತೇವಿ. ಅಕಿ ಕೆಳಗ ಇಳದು ಬಂದಾಗ ಅಪ್ಪ ಬಾಗಲ ಮುಂದ ಗಾಡ್ಯಾಗ ಕುಂತಿರ್ತಾನ. ಅಕಿ ಮಾರಿ ನೋಡ್ತಾನ. ಏನೂ ಕೇಳೂದಿಲ್ಲ. ಅಕಿನ ‘ಆರಾಮ ಅದಾರ್ರಿ ಮಾಮಾ’ ಅಂತಾಳ. ‘ಹೂಂ’ ಅಂತಾನ. ಅಷ್ಟ.

ನಾ ಇವತ್ತ ಅಂಗಡ್ಯಾಗ ಅದೇನಿ. ಐತವಾರ ಅಂಗಡಿ ಬಂದ್ ಇರ್ತೈತಿ, ಆದ್ರೂ ಷಟರ್ ಅರ್ಧ ಎಳದು ಒಳಗ ಕುಂತೇನಿ, ಯಾಕಂದ್ರ ಮನ್ಯಾಗ ಮಾತಾಡಿದ್ರ ಅಪ್ಪಗ ಕೇಳಸ್ತೈತಿ. ಕಣ್ಣು ಮಬ್ಬಾಗ್ಯಾವ, ಕಿವಿ ಇನ್ನೂ ಅಂವ ಗಡಿಯಾರ ರಿಪೇರಿ ಮಾಡ್ತಿದ್ದ ಕಾಲದ ಕಿವಿನ. ನೀ ವಾಯ್ಸ್ ನೋಟ್ ಕೇಳಿದ್ರ ಮೈಕಿನ ಚಿತ್ರ ನೀಲಿ ಆಕ್ಕೈತಂತ, ನನ್ನ ಮಗಳು ಹೇಳ್ಯಾಳ. ಮೂರು ತಿಂಗಳಾತು, ನಾ ಕಳಿಸಿದ್ದು ಒಂದೂ ನೀಲಿ ಆಗಿಲ್ಲ. ಎಲ್ಲಾ ಬೂದಿ ಬಣ್ಣ. ಆದ್ರೂ ಮಾತಾಡ್ತೇನಿ. ನಾ ಸುಮ್ನ ಇರೂ ಮನಶ್ಯಾ ಅಲ್ಲ, ನಿನಗ ಗೊತ್ತೈತಿ.

ನೀ ಸಿಟ್ಟಾಗಿದ್ದು ಖರೆ. ದಸರಾ ಆದ ಮ್ಯಾಲೆ ನೀ ಫೋನ್ ಮಾಡಿದಾಗ ನಾಕ ದಿನದಿಂದ ಜ್ವರಾ ಬಂದು ರೂಮಿನ್ಯಾಗ ಮಲಗಿದ್ದಿ. ಅಪ್ಪ ನನ್ನ ಕೈಯಾನ ಫೋನ್ ಇಸಗೊಂಡವನ ‘ಸೆಲ್ಫ್ ಮೋಟರ್ ಸಿಕ್ತೇನು?’ ಅಂದ. ನೀ ‘ಗಾಡಿನ ನಿನ್ನ ಮಗಾ ಅಂತ ತಿಳಕೋ’ ಅಂದಿ, ಫೋನ್ ಇಟ್ಟಿ. ಅಪ್ಪ ಫೋನ್ ಕಿವಿಗೆ ಹಿಡಕೊಂಡು ಇನ್ನೂ ಎರಡು ಸಲ ‘ಹಲೋ, ಹಲೋ’ ಅಂದ. ಆಮ್ಯಾಲೆ ನನ್ನ ಕಡಿ ನೋಡಿ ‘ಲೈನ್ ಹೋತು’ ಅಂದ. ಲೈನ್ ಹೋಗಿಲ್ಲ ಅಂತ ಅಂವಗೂ ಗೊತ್ತಿತ್ತು.

ನಾಗಲಿಂಗಾ, ನಮ್ಮ ಮನ್ಯಾಗ ಗಂಡಸರು ಎಂದ ಒಬ್ಬರಿಗೊಬ್ಬರು ‘ಹೆಂಗದಿ’ ಅಂತ ಕೇಳ್ಯಾರ ಹೇಳು? ನೀ ಪುಣೆದಾಗ ಇದ್ದಾಗೂ ಫೋನ್ ಮಾಡಿದ್ರ ಮೊದಲ ಕೇಳ್ತಿದ್ದಿದ್ದು ‘ಗಾಡಿ ಹೆಂಗೈತಿ?’ ಅಂತ. ಅಪ್ಪ ‘ಸ್ವಲ್ಪ ಹೊಗಿ ಬಿಡಾಕತ್ತೈತಿ’ ಅಂದ್ರ, ಅಂವಗ ಕೆಮ್ಮು ಅಂತ ನಾವು ತಿಳಕೊಳ್ತಿದ್ವಿ. ನೀನ ಹೇಳಿ ನಗತಿದ್ದಿ ಅದನ್ನ. ಮರತಿ?

ಆ ಗಾಡಿನೂ ಎಂಥಾದ್ದು ಅಂತೇನಿ. ಹಳೆ ಬಾಗಲಕೋಟಿ ಮನಿ ಡ್ಯಾಮಿನ ನೀರಿಗೆ ಹೋಗೂದು ಅಂತ ಆದಾಗ ಪರಿಹಾರ ಬಂದಿತ್ತಲ್ಲ, ಆಗ ತೊಗೊಂಡಿದ್ದು. ಎರಡ ಸಾವಿರನೇ ಇಸವಿ, ಜನವರಿ ಇಪ್ಪತ್ತು. ಊರ ಮಂದಿ ಎಲ್ಲಾ, ಅದ ಕೊರಿಯಾದ ಇನ್ನೊಂದು ಕಂಪನಿ ಮದ್ರಾಸಿನ್ಯಾಗ ಮಾಡ್ತೈತಿ, ಆ ಎತ್ತರಂದು ತೊಗೊಳ್ರಿ ಈರಪ್ಪಾ, ಅಂತ ಅಪ್ಪಗ ಅಂದ್ರು. ಅವ್ವ ಮಾತ್ರ ಹುಬ್ಬಳ್ಳಿ ಶೋರೂಮಿನ್ಯಾಗ ಈ ಮಟೀಜ್ ಮುಂದ ನಿಂತು ‘ಇದರ ಮಾರಿ ನಗತೈತಿ’ ಅಂದ್ಲು. ಮುಗೀತು. ಅದರ ಉಬ್ಬುಗಣ್ಣಿನಂಥಾ ದೀಪಾ ನೋಡಿ ಓಣಿ ಮಂದಿ ಕಪ್ಪಿಗಾಡಿ ಅಂತ ಹೆಸರಿಟ್ರು. ವರ್ಷ ತುಂಬೂದ್ರಾಗ ಅಲ್ಲಿ ಕೊರಿಯಾದಾಗ ಕಂಪನಿ ದಿವಾಳಿ. ಎರಡ್ಮೂರು ವರ್ಷದಾಗ ಇಲ್ಲಿ ದಿಲ್ಲಿ ಕಡಿ ಇದ್ದ ಕಾರಖಾನಿನೂ ಬಂದ್. ಅತ್ತಾಗ ಮನಿ ಮುಳುಗಿತು, ಇತ್ತಾಗ ಕಂಪನಿ ಮುಳುಗಿತು, ನಡುವ ಅಪ್ಪ ಕೀಲಿ ಹಿಡಕೊಂಡು ನಿಂತ. ಅಮೇರಿಕದ ಕಂಪನಿ ಒಂದು ಕೊರಿಯಾ ಕಾರಖಾನಿ ಕೊಂಡು ಇದನ್ನ ತಿದ್ದಿ ಬ್ಯಾರೆ ಹೆಸರಿಂದ ಮಾರಿತು, ಅದೂ ಇಲ್ಲಿ ಮಾರೂದು ಬಿಟ್ಟು ಹೋತು. ಊರ ಮಂದಿ ಹೇಳಿದ ಆ ಇನ್ನೊಂದು ಕಂಪನಿ ನೋಡು, ಇವತ್ತ ಹಾದ್ಯಾಗ ಹತ್ತು ಗಾಡಿ ಹೋದ್ರ ಎರಡು ಅದರವು. ನಾನ ದಿನಾ ಅವಕ್ಕ ಸಾಮಾನು ಮಾರ್ತೇನಿ. ಎಲ್ಲಾ ಗಾಡಿ ಸಾಮಾನು ನನ್ನ ಅಂಗಡ್ಯಾಗ ಸಿಗತಾವ, ನಮ್ಮ ಮನಿ ಗಾಡೀದು ಒಂದ ಇಲ್ಲ.

ನೀ ಹೋದಾಗ ನಾಕ ಮಂದಿ ಇದ್ರು ನೋಡು ಈ ಗಾಡಿ ಇಟಗೊಂಡವರು, ಈಗೂ ಅಷ್ಟ ಅದಾರ. ಹುನಗುಂದ ಅಹ್ಮದಸಾಬ ಕಾಕಾ, ಬದಾಮಿ ಕನಕಪ್ಪ ಮಾಸ್ತರು, ಗುಳೇದಗುಡ್ಡ ಸಾವಿತ್ರೆವ್ವ, ಅಪ್ಪ. ಮಾಸ್ತರು ಇನ್ನೂ ವಹಿ ಬರೀತಾರ, ಲೀಟರಿಗೆ ಎಷ್ಟ ಓಡಿತು ಅಂತ. ಹೇಂತಿ ಹುಟ್ಟಿದ ತಾರೀಖು ಕೇಳಿದ್ರ ಗೊತ್ತಿಲ್ಲ. ಸಾವಿತ್ರೆವ್ವ ಹಿಂದಿನ ಸೀಟು ಕಿತ್ತು ಖಣದ ಗಂಟು ತುಂಬಕೊಂಡು ಮಾರಾಕ ತಾನ ಹೊಡಕೊಂಡು ಹೋಗ್ತಾಳ. ‘ನಲವತ್ತು ವರ್ಷದ ಸಂಸಾರದಾಗ ನಾ ಹೇಳಿದ ಕಡಿ ಹೊಳ್ಳಿದ್ದು ಇದೊಂದ’ ಅಂತ ಗಂಡನ ಮುಂದನ ಅಂತಾಳ. ಅಹ್ಮದಸಾಬ ಕಾಕಾನ ಗಾಡಿ ಮಾತ್ರ ಸತ್ತೈತಿ. ಬೇವಿನ ಗಿಡದ ಬುಡಕ ನಿಂತೈತಿ, ಒಳಗ ಕೋಳಿ ತತ್ತಿ ಇಡ್ತಾವ. ಮಾರಂದ್ರ ಮಾರೂದಿಲ್ಲ. ‘ಅದು ನಿಮ್ಮ ಮೂರೂ ಗಾಡೀಗೆ ರಕ್ತಾ ಕೊಡಾಕ ಇಟ್ಟೇನಿ’ ಅಂತಾರ. ಇವರದೊಂದು ರೂಢಿ ಐತಲ್ಲ, ಸಾಮಾನು ಎರವಲ ಕೊಡೂ ಮುಂದ ಅದರ ಮ್ಯಾಲೆ ತಮ್ಮ ಗುರ್ತು ಹಾಕೂದು. ಮಾಸ್ತರು ತಾರೀಖು ಬರೀತಾರ, ಸಾವಿತ್ರೆವ್ವ ಬಣ್ಣದ ಬಟ್ಟು ಇಡ್ತಾಳ, ಕಾಕಾ ಮೊಳಿ ತೊಗೊಂಡು ಏಳುನೂರಾ ಎಂಬತ್ತಾರು ಅಂತ ಅಂಕಿ ಕೆತ್ತತಾರ. ಅಪ್ಪ ಬರೇ ‘ಈ’ ಅಂತ.

ಕಟ್ ಆಗಿತ್ತು, ಹೆಬ್ಬಟ್ಟು ಜಾರಿತು. ಎಲ್ಲಿದ್ದೆ? ಹಾಂ, ಸೆಲ್ಫ್ ಮೋಟರ್. ಇಳಕಲ್ಲ ಮತೀನ ಅದನ್ನ ಎರಡು ಸಲ ವೈಂಡಿಂಗ್ ಮಾಡಿಕೊಟ್ಟ. ಮೂರನೇ ಸಲ ಕೈ ಮುಗದ. ‘ಅಮರೇಶಣ್ಣಾ, ಹಲ್ಲು ಸವದು ಹೋಗ್ಯಾವ, ಮುದುಕನ ಬಾಯಿ ಆಗೇತಿ’ ಅಂದ. ಅವತ್ತಿಂದ ಗಾಡಿ ಚಾಲೂ ಆಗಬೇಕಂದ್ರ ಓಣಿ ಮಂದಿ ಹಿಂದಿನಿಂದ ದಬ್ಬಬೇಕು. ನಿನಗ ಅಲ್ಲಿ ಹಡಗದ ಕಾರಖಾನ್ಯಾಗ ಕೆಲಸಾ ಸಿಕ್ಕಾಗ, ಅದಕ್ಕೂ ಮೊದಲ ನಮ್ಮ ಗಾಡಿ ಮಾಡಿದ ಕಂಪನಿದ ಹೆಸರಿತ್ತು ಅಂತ ಯಾರೋ ಅಪ್ಪಗ ಹೇಳಿದ್ರು. ಅಪ್ಪ ನೆಲಾ ಬಿಟ್ಟು ಒಂದು ಗೇಣು ಎದ್ದ. ‘ನನ್ನ ಮಗಾ ಗಾಡಿ ತವರಮನಿಗೇ ಹೊಂಟಾನ’ ಅಂದ. ನೀನೂ ಬಸ್ಸು ಹತ್ತೂ ಮುಂದ ‘ಹೋಗಿ ಒಂದ ತಿಂಗಳದಾಗ ಕಳಸ್ತೇನಿ ತೊಗೊ’ ಅಂದಿ. ಅಲ್ಲಿ ಹೋದ ಮ್ಯಾಲೆ ನನಗೊಬ್ಬನಿಗೇ ಹೇಳಿದಿ, ‘ಅಣ್ಣಾ, ಇಲ್ಲಿ ಈ ಗಾಡಿ ಫೋಟೋ ತೋರಿಸಿದ್ರ ಮಂದಿ ನಗತಾರ, ಸಾಮಾನು ಎಲ್ಲಿಂದ ತರ್ಲಿ, ಅಪ್ಪಗ ನೀನ ಹೇಳು’ ಅಂತ. ನನಗ ಹೇಳಾಕ ಆಗಲಿಲ್ಲಪಾ. ಎರಡು ವರ್ಷ ‘ಬರತೈತಿ, ಹಡಗದ ಮ್ಯಾಲೆ ಬರಬೇಕಲ್ಲ’ ಅನ್ಕೋತ ಬಂದೆ. ಬೈಯೂದಿದ್ರ ನನಗ ಬೈ.

ನೀ ಫೋನ್ ಇಟ್ಟ ಮ್ಯಾಲೆ ಅಪ್ಪ ಊಟಾ ಕಡಿಮಿ ಮಾಡಿದ. ದಿನಾ ಸಂಜಿಕ ಗಾಡ್ಯಾಗ ಕುಂದ್ರೂದು, ಕೀಲಿ ತಿರುವೂದು, ಅದು ಕಟ್ ಕಟ್ ಅನ್ನೂದು, ಇಳಿಯೂದು. ನನಗ ನೋಡಾಕ ಆಗಲಿಲ್ಲ. ಡಿಸೆಂಬರದಾಗ ಹುನಗುಂದಕ್ಕ ಹೋಗಿ, ನಿಮ್ಮ ಮೋಟರ್ ಕೊಡ್ರಿ, ಯಾರ ಮುಂದೂ ಅನಬ್ಯಾಡ್ರಿ ಅಂತ ಕಾಕಾನ ಕೈಕಾಲ ಹಿಡದೆ. ಕಾಕಾ ಕೋಳಿ ಓಡಿಸಿ, ತಾನ ಗಾಡಿ ಬುಡಕ ಮಲಗಿ, ಮೋಟರ್ ಬಿಚ್ಚಿ ಕೊಟ್ರು. ಮತೀನ ಅದನ್ನ ತಿಕ್ಕಿ ತೊಳದು ಕರಿ ಬಣ್ಣಾ ಹೊಡದ. ನೀ ದೀಪಾವಳಿಗೆ ಭುವನೇಶ್ವರಿಗೆ ಸ್ವೆಟರ್ ಕಳಿಸಿದ ಡಬ್ಬಿ ಇತ್ತಲ್ಲ, ಮ್ಯಾಲೆ ಕೊರಿಯಾ ಅಕ್ಷರ ಇದ್ದದ್ದು, ಅದರಾಗ ಹುಲ್ಲು ತುಂಬಿ ಮೋಟರ್ ಇಟ್ಟು ಅಪ್ಪನ ಮುಂದ ತಂದಿಟ್ಟೆ. ನಾಗಲಿಂಗ ಕಳಿಸ್ಯಾನ ಅಂದೆ. ಅಪ್ಪ ಅದನ್ನ ತೊಡಿ ಮ್ಯಾಲೆ ಇಟಗೊಂಡು, ಕೂಸಿನ ಮೈ ಸವರಿದಂಗ ಸವರಿದ. ಭಾಳ ಹೊತ್ತು. ಆಮ್ಯಾಲೆ ವಿಭೂತಿ ಹಚ್ಚು ಅಂದ.

ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಅಪ್ಪ ಮೂರೂ ಮಂದಿನ್ನ ಕರಿಸಿ ಹೋಳಗಿ ಊಟಾ ಹಾಕಿದ. ಅಹ್ಮದಸಾಬ ಕಾಕಾನೂ ಬಂದ್ರು! ತನ್ನ ಮೋಟರ್ ತಾನ ನೋಡಿ ‘ಏನ್ ಮಾಲ ಐತಿ ಈರಪ್ಪಾ, ಹೊಸಾದು ಅಂದ್ರ ಹೊಸಾದು’ ಅಂದ್ರು, ನನ್ನ ಮಾರಿ ಮಾತ್ರ ನೋಡಲಿಲ್ಲ. ಮತೀನ ಕೂಡಿಸಿದ, ಅಪ್ಪ ಕೀಲಿ ತಿರುವಿದ, ಒಂದ ಸೆಲ್ಫಿಗೆ ಚಾಲೂ. ಮಾಸ್ತರು ಚಪ್ಪಾಳಿ ಹೊಡದ್ರು. ಅಲ್ಲೇ ಶುರು ಆತು ನೋಡು ನನ್ನ ಪಂಚಾಯ್ತಿ. ಮಾಸ್ತರು ನಿನಗಂತ ಒಂದು ಪೂರಾ ಹಾಳಿ ತುಂಬ ಸಾಮಾನಿನ ಯಾದಿ ಬರದುಕೊಟ್ರು. ಸಾವಿತ್ರೆವ್ವ ‘ಈರಪ್ಪಣ್ಣಾ, ನಿನ್ನ ಮಗಾ ಹಡಗಾ ಮಾಡವ, ನನಗೊಂದು ಕ್ಲಚ್ ಪ್ಲೇಟ್ ಕಳಸಾಕ ಆಗೂದಿಲ್ಲೇನು?’ ಅಂದ್ಲು. ಅಕಿ ಗಾಡಿ ಅವತ್ತಿಂದ ನಿಂತೈತಿ. ರಿಪೇರಿ ಮಾಡವ ಎಲ್ಲೆರೆ ಹಳೇದು ಹುಡುಕತೇನಿ ಅಂದ್ರ, ಬ್ಯಾಡ, ನಾಗಲಿಂಗಂದು ಬರ್ಲಿ, ಅಂತಾಳ. ಅರವತ್ತೆರಡರ ಹೆಣಮಗಳು ಖಣದ ಗಂಟು ತಲಿ ಮ್ಯಾಲೆ ಹೊತ್ತು ಬಸ್ಸು ಹತ್ತತಾಳ. ಮೊನ್ನೆ ಬಸ್ ಸ್ಟ್ಯಾಂಡಿನ್ಯಾಗ ನೋಡಿದೆ, ಕಂಡರೂ ಕಾಣದಂಗ ಹೊಳ್ಳಿ ಬಂದೆ. ಇಂಥಾ ಮನಶ್ಯಾ ಆಗೇನಿ ನಾ.

ಮುಂದಿನ ಸೋಮವಾರ, ಇಪ್ಪತ್ತನೇ ತಾರೀಖಿಗೆ ಗಾಡಿ ನೋಂದಣಿ ಮುಗೀತೈತಿ. ಇನ್ನೂ ಐದು ವರ್ಷಕ್ಕ ಮಾಡಸು ಅಂತ ಅಪ್ಪ ಕಾಗದಾ ತಗದು ಇಟ್ಟಾನ. ‘ಸಾಮಾನು ಬರಾಕತ್ತಾವಲ್ಲ’ ಅಂತಾನ. ಖರೆ ಹೇಳಿದ್ರ ಅಪ್ಪ ಕುಸೀತಾನ, ಹೇಳದಿದ್ರ ಸಾವಿತ್ರೆವ್ವ ಬಸ್ಸಿನ್ಯಾಗ. ನನಗ ದಾರಿ ಕಾಣವಲ್ದು ತಮ್ಮಾ. ಒಂದ ಸಲ ಫೋನ್ ಮಾಡು. ‘ಹೌದು ಅಪ್ಪಾ, ನಾನ ಕಳಿಸಿದ್ದು, ಅದ ಕಡೀದು, ಇನ್ನ ಸಿಗೂದಿಲ್ಲ’ ಅನ್ನು ಸಾಕು. ಸುಳ್ಳು ನಂದು, ಬಾಯಿ ಅಷ್ಟ ನಿಂದು.

ಮೈ ಕಾಯ್ಕೋ. ನಾಳೆ ಭೋಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಾದ್ಲಿ ನಿನ್ನ ಹೆಸರ್ಲೆ ಎಡಿ ಹಿಡಿತೇವಿ. ಬಸವಣ್ಣ ನಿನ್ನ ಕೈಗೆ ಬಲಾ ಕೊಡ್ಲಿ. ಮನಿ ಮಂದಿ ಎಲ್ಲಾರ ಶರಣು.

ನಿನ್ನ ಅಣ್ಣ,
ಅಮರೇಶ

ತಾ.ಕ. ನಾಗಲಿಂಗಾ, ಮತ್ತ ನಾನ. ಈಗ ಮನಿ ಮುಂದ ಅದೇನಿ, ಗಡಬಡಿ ಐತಿ, ಕೇಳು. ಮನಿಗೆ ಬಂದ್ರ ಸಾವಿತ್ರೆವ್ವ ಕಟ್ಟಿ ಮ್ಯಾಲೆ ಕುಂತಾಳ, ಅಪ್ಪ ಗಾಡಿ ಕಾಗದಾ ಅಕಿ ಕೈಯಾಗ ಇಟ್ಟಾನ. ಮುಂದಿನ ಸೋಮವಾರ ಗಾಡಿ ಅಕಿ ಮನಿಗೆ ಹೋಕ್ಕೈತಿ. ಬಿಚ್ಚಿ ಸಾಮಾನು ಎಲ್ಲಾ ಅಕಿ ಗಾಡೀಗೆ ಹಾಕೊಳ್ಳಾಕ. ನಾ ಗಾಬರಿ ಆಗಿ ‘ಯಾಕ ಅಪ್ಪಾ, ನಾಗಲಿಂಗ ಕಳಸ್ತಾನಲ್ಲ’ ಅಂದೆ. ಅಪ್ಪ ನಕ್ಕ. ‘ಲೇ ಅಮರೇಶಾ, ಕೊರಿಯಾದಾಗೂ ಮೋಟರಿಗೆ ಏಳುನೂರಾ ಎಂಬತ್ತಾರು ಕೆತ್ತತಾರೇನು?’ ಅಂದ. ಬಣ್ಣದ ಬುಡಕ ಇತ್ತಂತ. ಕಣ್ಣಿಗೆ ಕಾಣಲಿಲ್ಲ, ಸವರಿದ ಬೆರಳಿಗೆ ಹತ್ತಿತಂತ, ಡಬ್ಬಿ ತೆರದ ದಿನಾನ. ಮತ್ತ ಇಷ್ಟ ದಿನಾ ಯಾಕ ಸುಮ್ನಿದ್ದಿ ಅಂದ್ರ, ‘ಸಾಮಾನು ಮುಟ್ಟಿತು ಅಂತ ಊರೆಲ್ಲಾ ಗೊತ್ತಾದ್ರ, ನಾಗಲಿಂಗಗೂ ಗೊತ್ತಾಗಿ, ನಗಾಕರೆ ಒಂದು ಫೋನ್ ಮಾಡ್ತಾನ ಅಂದ್ಕೊಂಡೆ’ ಅಂದ.

ನಾ ಮುಂಜಾನೆ ಹೇಳಿದ್ದು ಬಿಟ್ಟು ಬಿಡು. ಸುಳ್ಳು ಹೇಳೂದು ಬ್ಯಾಡ, ಸಾಮಾನೂ ಬ್ಯಾಡ. ಗಾಡಿ ಹೋಗೂ ಮುಂಚೆ ಅದರ ದನಿ ನಿನಗ ಕೇಳಸು ಅಂತ ಅಪ್ಪ ಹೇಳ್ಯಾನ. ಈಗ ಕುಂತಾನ ನೋಡು ಒಳಗ. ಕೀಲಿ ಹಾಕಿದ. ಫೋನ್ ಬಾನೆಟ್ ಮ್ಯಾಲೆ ಇಡ್ತೇನಿ, ತಡಿ.

ಕೇಳಿತೇನು? ಒಂದ ಸೆಲ್ಫಿಗೆ. ಬಂದ್ ಮಾಡವಲ್ಲ, ಹಂಗ ಇಟ್ಟಾನ. ಇದನ್ನ ಕಳಿಸಿದ ಮ್ಯಾಲೆ ಫೋನ್ ತನ್ನ ಕೈಯಾಗ ಕೊಡು ಅಂತಾನ, ನೀಲಿ ಆಗೂತನಾ ನೋಡಕೋತ ಕುಂದರ್ತಾನಂತ. ಅದನ್ನ ಅಂವಗ ಯಾರು ಕಲಿಸಿದ್ರೋ. ಅಂವನ ಕಣ್ಣಿಗೆ ನೀಲಿ ಯಾವುದು, ಬೂದಿ ಯಾವುದು, ಎರಡೂ ಒಂದ. ನನಗ ಕೇಳ್ತಾನ, ‘ಆತೇನಲೇ?’ ಅಂತ. ನಾ ಏನಂತ ಹೇಳ್ಲಿ ತಮ್ಮಾ?